ಗ್ರಾನೈಟಿನ ಹೊಟ್ಟೆಯಲ್ಲಿ ಕಪ್ಪು ಉಂಡೆಗಳು: ಪರ್ವತಗಳ ಆಳದಲ್ಲಿ ಮ್ಯಾಗ್ಮಾ ಬೆರೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲೇಹ್‌ನಿಂದ ಖರ್ದುಂಗ್ ಲಾ ಕಡೆಗೆ ಹತ್ತುವ ರಸ್ತೆಯಲ್ಲಿ ಎಲ್ಲರ ಕಣ್ಣೂ ದೂರದ ಹಿಮದ ಶಿಖರಗಳ ಮೇಲಿರುತ್ತದೆ. ಪಕ್ಕದ ಬಂಡೆಯನ್ನು ನೋಡುವವರು ಕಡಿಮೆ. ಆ ಬಂಡೆ ಬೂದು ಬಿಳುಪಿನ ಗ್ರಾನೈಟ್ ಜಾತಿಯ ಕಲ್ಲು. ಅದರೊಳಗೆ ಅಲ್ಲಲ್ಲಿ ಕಪ್ಪಗಿನ, ನುಣುಪಾದ ಉಂಡೆಗಳು ಹುದುಗಿವೆ. ಕೆಲವು ಮುಷ್ಟಿಯಷ್ಟು, ಕೆಲವು ತಲೆದಿಂಬಿನಷ್ಟು. ಆ ಉಂಡೆಗಳು ಅಲ್ಲಿ ಯಾಕಿವೆ ಅನ್ನುವುದೇ ಇಲ್ಲಿನ ವಿಷಯ. ಹೆಚ್ಚಿನ ಉದಾಹರಣೆಗಳು ಲಡಾಖ್‌ನವು. ನಡುವೆ ಕ್ಯಾಲಿಫೋರ್ನಿಯಾ, ಆಂಡಿಸ್, ಕೊನೆಯಲ್ಲಿ ನಮ್ಮ ರಾಮನಗರ.

ಮ್ಯಾಗ್ಮಾ ಬೆರೆಯುವುದು ಅಂದರೆ ಏನು?

ನೆಲದಾಳದಲ್ಲಿ ಕರಗಿರುವ ಕಲ್ಲೇ ಮ್ಯಾಗ್ಮಾ. ಶಾಲೆಯ ಪುಸ್ತಕದಲ್ಲಿ ಇದನ್ನು ಶಿಲಾಪಾಕ ಅಂತ ಓದಿರುತ್ತೇವೆ. ಇದು ಪೂರ್ತಿ ನೀರಾದ ದ್ರವವಲ್ಲ. ಅರ್ಧಂಬರ್ಧ ಬೆಳೆದ ಹರಳುಗಳು ಅದರಲ್ಲಿ ತೇಲುತ್ತಿರುತ್ತವೆ. ನೀರು, ಇಂಗಾಲದ ಡೈಆಕ್ಸೈಡ್ ಕೂಡ ಕರಗಿರುತ್ತವೆ.

ಹುಟ್ಟಿನಲ್ಲೇ ಬೇರೆ ಬೇರೆಯಾದ ಎರಡು ಮ್ಯಾಗ್ಮಾಗಳು ಒಂದೇ ಜಾಗದಲ್ಲಿ ಸೇರಿದಾಗ ಬೆರಕೆ ಶುರುವಾಗುತ್ತದೆ. ಸಾಮಾನ್ಯವಾಗಿ ಒಂದು, ಭೂಕವಚದ ಕೆಳಗಿರುವ ದಪ್ಪ ಪದರವಾದ ಮ್ಯಾಂಟಲ್‌ನಿಂದ ಮೇಲೆ ಬಂದ ಬಸಾಲ್ಟ್ ಮ್ಯಾಗ್ಮಾ. ಇದರ ಬಿಸಿ 1100–1200 ಡಿಗ್ರಿ ಸೆಲ್ಸಿಯಸ್. ಇನ್ನೊಂದು ಭೂಕವಚದ ಕಲ್ಲು ಕರಗಿ ಆದ ಗ್ರಾನೈಟ್ ಮ್ಯಾಗ್ಮಾ. ಇದು 700–850 ಡಿಗ್ರಿಯಲ್ಲೇ ಕರಗಿರುತ್ತದೆ. ಮೊದಲನೆಯದರಲ್ಲಿ ಕಬ್ಬಿಣ, ಮೆಗ್ನೀಸಿಯಂ ಜಾಸ್ತಿ. ಎರಡನೆಯದರಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು, ಜಾಸ್ತಿ.

ಸೇರಿದ ಮೇಲೆ ಎರಡು ದಾರಿ ಇವೆ. ಎರಡೂ ಒಂದಾಗಿ ಹೊಸದೊಂದು ಮ್ಯಾಗ್ಮಾ ಆಗಬಹುದು. ಇಲ್ಲವೇ ಪಕ್ಕಪಕ್ಕದಲ್ಲಿದ್ದೂ ಬೇರೆ ಬೇರೆಯಾಗಿಯೇ ಉಳಿಯಬಹುದು. ಮೊದಲನೆಯದನ್ನು ಪೂರ್ಣ ಬೆರಕೆ, ಎರಡನೆಯದನ್ನು ಅರೆಬೆರಕೆ ಅಂತ ಕರೆಯೋಣ. ಕಲ್ಲಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಅರೆಬೆರಕೆ. ಪೂರ್ತಿ ಬೆರೆತದ್ದು ತನ್ನ ಗುರುತನ್ನು ತಾನೇ ಅಳಿಸಿಕೊಂಡಿರುತ್ತದೆ. ಹಾಗಾಗಿ ಈ ಕ್ಷೇತ್ರದ ಸಾಕ್ಷ್ಯವೆಲ್ಲ ಅರ್ಧಕ್ಕೆ ನಿಂತ ಕೆಲಸದಿಂದಲೇ ಬಂದದ್ದು ಅಂದರೆ ತಪ್ಪಾಗಲಾರದು.

ಇದು ಪರ್ವತ ಸಾಲುಗಳಲ್ಲೇ ಯಾಕೆ ಜಾಸ್ತಿ?

ಲಡಾಖ್‌ನ ಕಥೆಯನ್ನೇ ತೆಗೆದುಕೊಳ್ಳಿ. ಭಾರತ ಬಂದು ಏಷ್ಯಾಕ್ಕೆ ಡಿಕ್ಕಿ ಹೊಡೆಯುವ ಮೊದಲು ಎರಡರ ನಡುವೆ ಟೆಥಿಸ್ ಸಾಗರವಿತ್ತು. ಅದರ ತಳದ ಫಲಕ (ಭೂಮಿಯ ಹೊರಪದರದ ಚಲಿಸುವ ದೊಡ್ಡ ತುಂಡು) ಉತ್ತರದ ಕಡೆಗೆ ಜಾರಿ, ಆಳಕ್ಕೆ ಇಳಿಯುತ್ತಿತ್ತು. ಸಾಗರತಳದ ಕಲ್ಲಿನ ಖನಿಜಗಳಲ್ಲಿ ನೀರು ಸೇರಿಕೊಂಡಿರುತ್ತದೆ. ಫಲಕ ಸುಮಾರು 100 ಕಿ.ಮೀ. ಆಳಕ್ಕೆ ಹೋಗುವ ಹೊತ್ತಿಗೆ ಬಿಸಿ ಮತ್ತು ಒತ್ತಡಕ್ಕೆ ಆ ನೀರು ಹೊರಬಂದು ಮೇಲಿನ ಮ್ಯಾಂಟಲ್‌ಗೆ ಸೇರುತ್ತದೆ. ನೀರು ಸೇರಿದರೆ ಮ್ಯಾಂಟಲ್ ಕಲ್ಲು ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಹೀಗೆ ಬಸಾಲ್ಟ್ ಮ್ಯಾಗ್ಮಾ ಹುಟ್ಟುತ್ತದೆ.

ಅದು ಮೇಲಕ್ಕೆ ಬರುತ್ತದೆ, ಆದರೆ ಸಲೀಸಾಗಿ ಹೊರಗೆ ಬರುವುದಿಲ್ಲ. ಖಂಡದ ಭೂಕವಚ ಹಗುರ. ಬಸಾಲ್ಟ್ ಮ್ಯಾಗ್ಮಾ ಅದಕ್ಕೆ ಹೋಲಿಸಿದರೆ ಭಾರ. ಹಾಗಾಗಿ ಬಹಳಷ್ಟು ಮ್ಯಾಗ್ಮಾ ಭೂಕವಚದ ಬುಡದಲ್ಲೇ ತಂಗುತ್ತದೆ. ಅಲ್ಲಿ ತಣ್ಣಗಾಗುತ್ತಾ ತನ್ನ ಬಿಸಿಯನ್ನು ಸುತ್ತಲಿನ ಕಲ್ಲಿಗೆ ಕೊಡುತ್ತದೆ. ಆ ಕಲ್ಲು ಕರಗಿ ಗ್ರಾನೈಟ್ ಮ್ಯಾಗ್ಮಾ ಆಗುತ್ತದೆ. ಅಂದರೆ ಒಂದು ಮ್ಯಾಗ್ಮಾ ಇನ್ನೊಂದನ್ನು ಹುಟ್ಟಿಸುತ್ತದೆ, ಆಮೇಲೆ ಅದರ ಜೊತೆಗೇ ಬೆರೆಯುತ್ತದೆ.

ಇದಕ್ಕೆ ಮೂರು ಸಂಗತಿ ಕೂಡಿಬರಬೇಕು. ಬಸಾಲ್ಟ್ ನಿಲ್ಲದೆ ಬರುತ್ತಿರಬೇಕು, ಅದನ್ನು ತಡೆದು ನಿಲ್ಲಿಸುವಷ್ಟು ದಪ್ಪದ ಭೂಕವಚ ಇರಬೇಕು, ಇದು ಕೋಟ್ಯಂತರ ವರ್ಷ ನಡೆಯಬೇಕು. ಫಲಕ ಇಳಿಯುವ ಅಂಚಿನ ಪರ್ವತಗಳಲ್ಲಿ ಮೂರೂ ಸಿಗುತ್ತವೆ. ಲಡಾಖ್‌ನಲ್ಲಿ ಸುಮಾರು 6.8 ಕೋಟಿ ವರ್ಷಗಳ ಹಿಂದಿನಿಂದ 4.5 ಕೋಟಿ ವರ್ಷಗಳ ಹಿಂದಿನವರೆಗೆ ಈ ಕೆಲಸ ನಡೆಯಿತು. ಫಲವಾಗಿ ಸುಮಾರು 600 ಕಿ.ಮೀ. ಉದ್ದದ ಗ್ರಾನೈಟ್ ರಾಶಿ ನಿಂತಿದೆ. ಭೂವಿಜ್ಞಾನಿಗಳು ಇದನ್ನು ಲಡಾಖ್ ಬ್ಯಾಥೊಲಿತ್ ಅನ್ನುತ್ತಾರೆ. ಪಶ್ಚಿಮಕ್ಕೆ ಪಾಕಿಸ್ತಾನದ ಕೊಹಿಸ್ತಾನ್, ಪೂರ್ವಕ್ಕೆ ಟಿಬೆಟ್‌ನ ಗಾಂಗ್‌ಡೀಸ್, ಎಲ್ಲವೂ ಇದೇ ಸಾಲಿನವು.

ಅಷ್ಟು ಆಳದಲ್ಲಿ ಗಟ್ಟಿಯಾದ ಕಲ್ಲು 5000 ಮೀಟರ್ ಎತ್ತರದಲ್ಲಿ ಹೇಗೆ ಸಿಗುತ್ತದೆ?

ನೆಲ ಮೇಲೆದ್ದಿತು, ಮೇಲಿನದೆಲ್ಲ ಸವೆದು ಹೋಯಿತು. ಅಷ್ಟೇ. ಇಂಥ ಗ್ರಾನೈಟ್ ಹಲವು ಕಿಲೋಮೀಟರ್ ಆಳದಲ್ಲಿ ನಿಧಾನಕ್ಕೆ ತಣ್ಣಗಾಗುತ್ತದೆ. ಅದಕ್ಕೇ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತವೆ. ಹೀಗೆ ಒಳಗೇ ಗಟ್ಟಿಯಾದವನ್ನು ಅಂತಸ್ಸರಣ ಅಗ್ನಿಶಿಲೆ ಅನ್ನುತ್ತೇವೆ. ಮೇಲಿದ್ದ ಜ್ವಾಲಾಮುಖಿಗಳನ್ನು ಮಳೆ, ನದಿ, ಹಿಮನದಿಗಳು ಕೊಚ್ಚಿಕೊಂಡು ಹೋಗಿವೆ. ನಾವು ಇವತ್ತು ಬೈಕ್ ಓಡಿಸುವುದು ಅವುಗಳ ಬೇರಿನ ಮೇಲೆ.

ಎರಡು ದ್ರವಗಳು ಸೇರಿದರೆ ತಾನಾಗೇ ಬೆರೆಯಬೇಕಲ್ಲ, ಕಷ್ಟ ಏನು?

ಕಷ್ಟ ಬಹಳ ಇದೆ. ಮೊದಲನೆಯದು ಅಂಟುತನ. ಬಸಾಲ್ಟ್ ಮ್ಯಾಗ್ಮಾ ಚೆನ್ನಾಗಿ ಹರಿಯುತ್ತದೆ. ಗ್ರಾನೈಟ್ ಮ್ಯಾಗ್ಮಾ ಅದಕ್ಕಿಂತ ಸಾವಿರಾರು ಪಟ್ಟು, ಕೆಲವೊಮ್ಮೆ ಲಕ್ಷಾಂತರ ಪಟ್ಟು ಹೆಚ್ಚು ಅಂಟು. ನೀರು ಎಷ್ಟು ಕರಗಿದೆ ಅನ್ನುವುದರ ಮೇಲೆ ಈ ಅಂತರ ಬದಲಾಗುತ್ತದೆ. ಎರಡನೆಯದು ಸಾಂದ್ರತೆ. ಬಸಾಲ್ಟ್ ಭಾರವಾದ್ದರಿಂದ ನೆಲದಾಳದ ಮ್ಯಾಗ್ಮಾ ಕೊಳದ ತಳದಲ್ಲೇ ಹರಡಿಕೊಳ್ಳುತ್ತದೆ.

ಮೂರನೆಯದೇ ಮುಖ್ಯ. ಬಿಸಿ ಬೇಗ ಹರಡುತ್ತದೆ, ಅಣುಗಳು ನಿಧಾನಕ್ಕೆ ಹರಡುತ್ತವೆ. ಒಂದು ಅಡಿ ಅಗಲದ ಬಸಾಲ್ಟ್ ಮುದ್ದೆ ಗ್ರಾನೈಟ್ ಮ್ಯಾಗ್ಮಾದೊಳಗೆ ಬಿತ್ತು ಅಂತಿಟ್ಟುಕೊಳ್ಳಿ. ಅದು ಒಂದು ದಿನದೊಳಗೆ ಸುತ್ತಲಿನ ಬಿಸಿಗೆ ಬಂದುಬಿಡುತ್ತದೆ. ಆದರೆ ಸಿಲಿಕಾ ಒಂದು ಸೆಂಟಿಮೀಟರ್ ದೂರ ಸಾಗಬೇಕಾದರೆ ದಶಕಗಳು, ಕೆಲವೊಮ್ಮೆ ಶತಮಾನಗಳೇ ಬೇಕು. 1100 ಡಿಗ್ರಿಯ ಬಸಾಲ್ಟ್ 800 ಡಿಗ್ರಿಗೆ ಇಳಿದರೆ ಅದರಲ್ಲಿ ಬಹುಪಾಲು ಹರಳುಗಟ್ಟಿಬಿಡುತ್ತದೆ. ಬೆಲ್ಲದ ಪಾಕ ಹದಕ್ಕೆ ಬಂತಾ ಅಂತ ನೋಡಲು ತಣ್ಣೀರಿಗೆ ಒಂದು ಹನಿ ಬಿಡುತ್ತೇವಲ್ಲ, ಕರಗುವ ಮೊದಲೇ ಅದು ಉಂಡೆ ಕಟ್ಟುತ್ತದೆ. ಇಲ್ಲೂ ಆಗುವುದು ಅದೇ. ಬೆರೆಯಲು ಬೇಕಾದ ಸಮಯ ಸಿಗುವ ಮೊದಲೇ ಉಂಡೆ ಗಟ್ಟಿಯಾಗುತ್ತದೆ.

ತಮಾಷೆ ಅಂದರೆ, ಈ ಉಂಡೆಯ ಸುತ್ತಲಿನ ಗ್ರಾನೈಟ್ ಮ್ಯಾಗ್ಮಾ ಇನ್ನೂ ದ್ರವವಾಗಿಯೇ ಇರುತ್ತದೆ. ಬಿಸಿಯಾಗಿ ಬಂದದ್ದು ಮೊದಲು ಗಟ್ಟಿಯಾಗುತ್ತದೆ, ತಣ್ಣಗಿದ್ದದ್ದು ಆಮೇಲೆ.

ಹಾಗಾದರೆ ಪೂರ್ಣ ಬೆರಕೆ ಆಗುವುದೇ ಇಲ್ವಾ?

ಆಗುತ್ತದೆ. ಬಸಾಲ್ಟ್ ಯಾವ ಹೊತ್ತಿನಲ್ಲಿ ಬಂತು, ಎಷ್ಟು ಬಂತು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಬೆಟ್ಟದಲ್ಲಿ ಕಾಣುವ ಹತ್ತಾರು ರೂಪಗಳು ಈ ಒಂದು ಮಾತಿನಿಂದ ಅರ್ಥವಾಗುವುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಗ್ರಾನೈಟ್ ಮ್ಯಾಗ್ಮಾ ಇನ್ನೂ ಬಿಸಿಯಾಗಿ, ಹೆಚ್ಚು ಹರಳುಗಳಿಲ್ಲದೆ ಇರುವಾಗ ದೊಡ್ಡ ಪ್ರಮಾಣದ ಬಸಾಲ್ಟ್ ಬಂತು ಅನ್ನಿ. ಆಗ ಬಸಾಲ್ಟ್ ಗ್ರಾನೈಟನ್ನೇ ಇನ್ನಷ್ಟು ಬಿಸಿ ಮಾಡುತ್ತದೆ. ಎರಡರ ಬಿಸಿ ಹತ್ತಿರ ಬರುತ್ತದೆ, ಅಂಟುತನವೂ ಹತ್ತಿರ ಬರುತ್ತದೆ. ಒಳಗಿನ ಹರಿವು ಇವನ್ನು ಎಳೆದು, ಮಡಚಿ, ಮತ್ತೆ ಎಳೆದು ತೆಳು ಎಳೆಗಳಾಗಿ ಮಾಡುತ್ತದೆ. ಎಳೆ ಮಿಲಿಮೀಟರ್‌ಗಿಂತ ತೆಳುವಾದರೆ ಅಣುಗಳು ಸಾಗಬೇಕಾದ ದೂರವೂ ಅಷ್ಟೇ ಕಡಿಮೆ. ಆಗ ಎರಡೂ ನಿಜಕ್ಕೂ ಒಂದಾಗುತ್ತವೆ.

ಗ್ರಾನೈಟ್ ಮ್ಯಾಗ್ಮಾದಲ್ಲಿ ಒಂದಷ್ಟು ಹರಳು ಬೆಳೆದಿದ್ದು, ಬಸಾಲ್ಟ್ ಕಡಿಮೆ ಬಂದರೆ ಉಂಡೆಗಳಾಗುತ್ತವೆ. ಲಡಾಖ್‌ನ ರಸ್ತೆ ಬದಿಯಲ್ಲಿ ಕಾಣುವುದು ಇದು. ಇವಕ್ಕೆ ಎನ್‌ಕ್ಲೇವ್ ಅನ್ನುವ ಹೆಸರಿದೆ.

ಇನ್ನೂ ತಡವಾಯಿತು, ಗ್ರಾನೈಟಿನ ಅರ್ಧಕ್ಕಿಂತ ಹೆಚ್ಚು ಭಾಗ ಹರಳಾಗಿ ಮುದ್ದೆ ಬಿಗಿಯಾಯಿತು. ಈಗ ಬಸಾಲ್ಟ್ ಬಿರುಕು ಮಾಡಿಕೊಂಡೇ ಒಳಗೆ ನುಗ್ಗಬೇಕು. ನುಗ್ಗಿದ ಹಾಳೆ ತುಂಡು ತುಂಡಾಗಿ, ಸಾಲಾಗಿಟ್ಟ ದಿಂಬುಗಳ ಹಾಗೆ ಉಳಿಯುತ್ತದೆ. ತುಂಡುಗಳ ನಡುವೆ ಗ್ರಾನೈಟಿನ ಬಿಳಿ ಗೆರೆಗಳು ವಾಪಸ್ ನುಸುಳಿರುತ್ತವೆ. ಎಲ್ಲ ಗಟ್ಟಿಯಾದ ಮೇಲೆ ಬಂದರೆ ಮಾತ್ರ ಸ್ಕೇಲ್ ಇಟ್ಟು ಗೆರೆ ಎಳೆದಂಥ ನೇರ ಅಂಚಿನ ಕಲ್ಲಿನ ಹಾಳೆ, ಅಂದರೆ ಡೈಕ್, ಆಗುತ್ತದೆ. ಅಲ್ಲಿ ಬೆರಕೆಯ ಮಾತೇ ಇಲ್ಲ.

ಹಾಗಾಗಿ ಕಪ್ಪು ಕಲ್ಲಿನ ಅಂಚು ನೋಡಿದರೆ ಅದು ಬಂದಾಗ ಗ್ರಾನೈಟ್ ಯಾವ ಸ್ಥಿತಿಯಲ್ಲಿತ್ತು ಅಂತ ಹೇಳಬಹುದು. ಒಂದೇ ಬೆಟ್ಟದಲ್ಲಿ ಈ ರೂಪಗಳೆಲ್ಲ ಒಟ್ಟಿಗೆ ಸಿಗುವುದೂ ಉಂಟು, ಯಾಕೆಂದರೆ ಬಸಾಲ್ಟ್ ಒಂದೇ ಸಲ ಬಂದು ನಿಲ್ಲುವುದಿಲ್ಲ.

ಬೆರೆತ ಮೇಲೆ ಸಿಗುವ ಕಲ್ಲು ಯಾವುದು?

ಲೆಕ್ಕ ಸುಲಭ. ಬಸಾಲ್ಟ್‌ನಲ್ಲಿ 50 ಶೇಕಡಾ ಸಿಲಿಕಾ, ಗ್ರಾನೈಟಿನಲ್ಲಿ 74 ಶೇಕಡಾ ಇದೆ ಅಂದುಕೊಳ್ಳಿ. ಸಮಸಮ ಬೆರೆತರೆ 62. ಇದು ಡಯೋರೈಟ್ ಜಾತಿಯ ಕಲ್ಲು. ಮೂರು ಪಾಲು ಗ್ರಾನೈಟಿಗೆ ಒಂದು ಪಾಲು ಬಸಾಲ್ಟ್ ಸೇರಿದರೆ 68. ಇದು ಗ್ರಾನೊಡಯೋರೈಟ್‌ನ ಮಟ್ಟ. ಪರ್ವತ ಸಾಲುಗಳ ದೊಡ್ಡ ಬ್ಯಾಥೊಲಿತ್‌ಗಳಲ್ಲಿ ಸಿಗುವ ಬಹುಪಾಲು ಕಲ್ಲು ಈ ನಡುವಿನ ಜಾತಿಯದು. ಅಚ್ಚ ಗ್ರಾನೈಟ್ ಅಲ್ಲಿ ನಾವು ಅಂದುಕೊಂಡಷ್ಟು ಇಲ್ಲ.

ಆದರೆ ನಡುವಿನ ಕಲ್ಲು ಸಿಕ್ಕ ಕೂಡಲೇ ಬೆರಕೆ ಅಂತ ಹೇಳಿಬಿಡುವಂತಿಲ್ಲ. ಬೇರೆ ದಾರಿಯಲ್ಲೂ ಅದೇ ಕಲ್ಲು ಬರಬಹುದು. ಆ ವಿಷಯ ಮುಂದೆ ಇದೆ.

ಕಪ್ಪು ಉಂಡೆ ಸುಮ್ನೆ ಒಳಗೆ ಬಿದ್ದ ಬೇರೆ ಕಲ್ಲಿನ ಚೂರು ಇರಬಹುದಲ್ವಾ?

ಇರಬಹುದು. ಒಳ್ಳೆಯ ಪ್ರಶ್ನೆ, ಭೂವಿಜ್ಞಾನಿಗಳೂ ಇದರ ಬಗ್ಗೆ ವರ್ಷಗಟ್ಟಲೆ ಜಗಳ ಆಡಿದ್ದಾರೆ. ಮ್ಯಾಗ್ಮಾ ಮೇಲೇರುವಾಗ ದಾರಿಯ ಗೋಡೆಯಿಂದ ಕಲ್ಲು ಕಿತ್ತುಕೊಂಡು ಬರುವುದು ಮಾಮೂಲು. ಎರಡನ್ನೂ ಬೇರೆ ಮಾಡಿ ನೋಡಲು ಅಂಚನ್ನು ನೋಡಬೇಕು.

ಕಿತ್ತು ಬಂದ ಚೂರಿಗೆ ಮೂಲೆಗಳಿರುತ್ತವೆ. ಒಳಗೆ ಪದರ ಅಥವಾ ಪಟ್ಟೆ ಇದ್ದರೆ ಅದು ಅಂಚಿಗೆ ಬಂದು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಮ್ಯಾಗ್ಮಾ ಉಂಡೆಗೆ ಗುಂಡಗಿನ, ಅಲೆಅಲೆಯಾದ ಅಂಚು. ಅಂಚಿನ ಕಡೆ ಹರಳುಗಳು ಇನ್ನೂ ಸಣ್ಣ, ಬಣ್ಣ ಇನ್ನೂ ಕಪ್ಪು, ಯಾಕೆಂದರೆ ಅಲ್ಲಿ ಬೇಗ ತಣ್ಣಗಾಯಿತು. ಹಲವು ಉಂಡೆಗಳು ಒಂದೇ ದಿಕ್ಕಿಗೆ ಉದ್ದುದ್ದ ಎಳೆದುಕೊಂಡಿರುತ್ತವೆ. ಗಟ್ಟಿ ಕಲ್ಲಾಗಿದ್ದರೆ ಹರಿವಿನಲ್ಲಿ ಹಾಗೆ ಎಳೆದುಕೊಳ್ಳುತ್ತಿರಲಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಂದರೆ ಗಡಿ ದಾಟುವ ಹರಳು. ಗ್ರಾನೈಟಿನಲ್ಲಿ ಬೆಳೆದ ದೊಡ್ಡ ಫೆಲ್ಡ್‌ಸ್ಪಾರ್ ಹರಳು ಅರ್ಧ ಹೊರಗೆ, ಅರ್ಧ ಉಂಡೆಯೊಳಗೆ ಇರುವುದನ್ನು ನೋಡಬಹುದು. ಕೆಲವು ಪೂರ್ತಿ ಒಳಗೇ ಹೋಗಿ ಕೂತಿರುತ್ತವೆ. ಉಂಡೆ ಮೆತ್ತಗಿಲ್ಲದಿದ್ದರೆ ಹರಳು ಒಳಗೆ ಹೋಗುವುದು ಹೇಗೆ?

ವಯಸ್ಸೂ ಸಹಾಯಕ್ಕೆ ಬರುತ್ತದೆ. ಟಿಬೆಟ್‌ನಲ್ಲಿ ಲಾಸಾ ಹತ್ತಿರದ ಚುಶುಯಿ ಗ್ರಾನೈಟಿನಲ್ಲಿ, ಕಲ್ಲಿನ ವಯಸ್ಸು ಅಳೆಯಲು ಬಳಸುವ ಜಿರ್ಕಾನ್ ಅನ್ನುವ ಸಣ್ಣ ಹರಳುಗಳಿಂದ ಹೊರಗಿನ ಕಲ್ಲಿನ ವಯಸ್ಸನ್ನೂ ಉಂಡೆಯ ವಯಸ್ಸನ್ನೂ ಅಳೆದಿದ್ದಾರೆ. ಎರಡೂ ಸುಮಾರು 5 ಕೋಟಿ ವರ್ಷ. ಗೋಡೆಯಿಂದ ಕಿತ್ತು ಬಂದ ಹಳೆಯ ಕಲ್ಲಾಗಿದ್ದರೆ ವಯಸ್ಸು ಹಾಗೆ ಹೊಂದುತ್ತಿರಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ಏನು ಕಾಣುತ್ತದೆ?

ಕಲ್ಲನ್ನು ಕೂದಲಿಗಿಂತ ತೆಳುವಾಗಿ ತಿಕ್ಕಿ ಗಾಜಿನ ಮೇಲೆ ಅಂಟಿಸಿ ನೋಡುತ್ತಾರೆ. ಬೆರಕೆಯ ಕಲ್ಲಿನಲ್ಲಿ ಹರಳುಗಳು ಗೊಂದಲದಲ್ಲಿರುವ ಹಾಗೆ ಕಾಣುತ್ತವೆ. ಪ್ಲೇಜಿಯೋಕ್ಲೇಸ್ (ಫೆಲ್ಡ್‌ಸ್ಪಾರ್‌ನ ಒಂದು ಜಾತಿ) ಹರಳಿನ ಒಳಭಾಗ ಜರಡಿಯ ಹಾಗೆ ತೂತುತೂತು, ಹೊರಗೆ ಶುಭ್ರವಾದ ಹೊಸ ಪದರ. ಮೊದಲು ಅರ್ಧ ಕರಗಿ ಆಮೇಲೆ ಮತ್ತೆ ಬೆಳೆದದ್ದರ ಗುರುತಿದು. ಸಾಮಾನ್ಯವಾಗಿ ಈ ಹರಳಿನಲ್ಲಿ ನಡುವಿನಿಂದ ಹೊರಕ್ಕೆ ಹೋದಂತೆ ಕ್ಯಾಲ್ಸಿಯಂ ಕಡಿಮೆಯಾಗಬೇಕು. ಇಲ್ಲಿ ಇದ್ದಕ್ಕಿದ್ದಂತೆ ಜಾಸ್ತಿಯಾಗಿರುತ್ತದೆ. ಆ ಹೊತ್ತಿಗೆ ಬಿಸಿ ಬಸಾಲ್ಟ್ ಬಂದು ಸೇರಿತ್ತು ಅಂತ ಓದಿಕೊಳ್ಳಬೇಕು.

ಬಸಾಲ್ಟ್ ಉಂಡೆಯೊಳಗೆ ದಾರಿತಪ್ಪಿ ಬಂದ ಬೆಣಚುಕಲ್ಲಿನ ಹರಳಿನ ಸುತ್ತ ಹಸಿರುಗಪ್ಪು ಹಾರ್ನ್‌ಬ್ಲೆಂಡ್ ಖನಿಜದ ಉಂಗುರ ಕಟ್ಟಿರುತ್ತದೆ. ಅಪಟೈಟ್ ಅನ್ನುವ ಖನಿಜ ಸೂಜಿಯ ಹಾಗೆ ಉದ್ದ, ತೆಳು. ಬೇಗ ತಣ್ಣಗಾದಾಗ ಅದು ಹಾಗೆ ಬೆಳೆಯುತ್ತದೆ. ಇವುಗಳಲ್ಲಿ ಯಾವುದೋ ಒಂದು ಗುರುತು ಸಿಕ್ಕರೆ ಸಾಲದು. ಮೂರ್ನಾಲ್ಕು ಒಟ್ಟಿಗೆ ಸಿಕ್ಕರೆ ಮಾತ್ರ ನಂಬಬಹುದು.

ಒಂದೇ ಬಸಾಲ್ಟ್ ಮ್ಯಾಗ್ಮಾ ತಣ್ಣಗಾಗುತ್ತಾ ಎಲ್ಲ ಕಲ್ಲುಗಳನ್ನೂ ಕೊಡುತ್ತದೆ ಅಂತ ಕಾಲೇಜಿನಲ್ಲಿ ಓದಿದ್ದೆ. ಅದು ಸುಳ್ಳಾ?

ಸುಳ್ಳಲ್ಲ. ಭೂವಿಜ್ಞಾನಿ ನಾರ್ಮನ್ ಬೋವೆನ್ 1920ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದ್ದು ಅದನ್ನೇ. ಮೊದಲು ಬೆಳೆದ ಹರಳು ಬೇರ್ಪಟ್ಟರೆ ಉಳಿದ ದ್ರವದಲ್ಲಿ ಸಿಲಿಕಾ ಹೆಚ್ಚುತ್ತದೆ. ಹೀಗೆ ಬಸಾಲ್ಟ್‌ನಿಂದ ಗ್ರಾನೈಟಿನವರೆಗೂ ಹೋಗಬಹುದು. ಆ ವಾದ ಎಷ್ಟು ಚೆನ್ನಾಗಿತ್ತೆಂದರೆ ಅದರ ಮುಂದೆ ಬೆರಕೆಯ ಮಾತು ದಶಕಗಳ ಕಾಲ ಮೂಲೆ ಸೇರಿತು. ಒಂದು ತೊಂದರೆ ಇದೆ. ಆ ದಾರಿಯಲ್ಲಿ ಸ್ವಲ್ಪ ಗ್ರಾನೈಟ್ ಬರಬೇಕಾದರೆ ಅದರ ಹಲವು ಪಟ್ಟು ಬಸಾಲ್ಟ್ ಬೇಕು.

ಎರಡು ದಾರಿಗಳನ್ನು ಬೇರೆ ಮಾಡಲು ಐಸೊಟೋಪ್‌ಗಳು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು, ಬೇಕಾಗುತ್ತವೆ. ಸ್ಟ್ರಾನ್ಷಿಯಂ 87 ಮತ್ತು 86ರ ಅನುಪಾತ ಒಂದು ಉದಾಹರಣೆ. ರುಬಿಡಿಯಂ ಕ್ಷಯಿಸಿ ಸ್ಟ್ರಾನ್ಷಿಯಂ 87 ಆಗುತ್ತದೆ. ಭೂಕವಚದಲ್ಲಿ ರುಬಿಡಿಯಂ ಜಾಸ್ತಿ, ಹಾಗಾಗಿ ಹಳೆಯ ಭೂಕವಚದಲ್ಲಿ ಈ ಅನುಪಾತ ದೊಡ್ಡದು. ಮ್ಯಾಂಟಲ್‌ನಲ್ಲಿ ಸುಮಾರು 0.703–0.704. ಹರಳುಗಳು ಬೇರ್ಪಟ್ಟರೆ ಈ ಸಂಖ್ಯೆ ಬದಲಾಗುವುದಿಲ್ಲ. ಬೇರೆ ಮೂಲದ ಮ್ಯಾಗ್ಮಾ ಸೇರಿದರೆ ಬದಲಾಗುತ್ತದೆ. ಹಾಗಾಗಿ ಒಂದೇ ಬ್ಯಾಥೊಲಿತ್‌ನ ಕಲ್ಲುಗಳಲ್ಲಿ ಸಿಲಿಕಾ ಹೆಚ್ಚಿದಂತೆ ಈ ಅನುಪಾತವೂ ಹೆಚ್ಚುತ್ತಾ ಹೋದರೆ ಎರಡು ಮೂಲ ಇದ್ದವು ಅಂತಾಯಿತು.

ಇಲ್ಲೊಂದು ಎಚ್ಚರಿಕೆ ಬೇಕು. ಗಟ್ಟಿ ಕಲ್ಲನ್ನು ಕರಗಿಸಿ ನುಂಗಿದರೂ ಸಂಖ್ಯೆ ಹೀಗೇ ಬದಲಾಗುತ್ತದೆ. ಅದಕ್ಕೇ ಬೆಟ್ಟದಲ್ಲಿ ನೋಡಿದ್ದು, ಸೂಕ್ಷ್ಮದರ್ಶಕದಲ್ಲಿ ನೋಡಿದ್ದು, ಪ್ರಯೋಗಾಲಯದ ಸಂಖ್ಯೆ, ಮೂರೂ ಹೊಂದಬೇಕು. ನಿಜವಾದ ಬ್ಯಾಥೊಲಿತ್‌ನಲ್ಲಿ ಬೆರಕೆ, ಹರಳು ಬೇರ್ಪಡುವುದು, ಕಲ್ಲು ನುಂಗುವುದು ಎಲ್ಲ ಒಟ್ಟಿಗೇ ನಡೆದಿರುತ್ತದೆ. ಯಾವುದೋ ಒಂದೇ ಕಾರಣ ಅಂತ ಹಟ ಹಿಡಿಯುವ ಲೇಖನ ಕಂಡರೆ ನನಗೆ ಅನುಮಾನ ಬರುತ್ತದೆ.

ಬೆರಕೆಯ ವಿಚಾರ ಮೊದಲು ಹೇಳಿದ್ದು ಯಾರು?

ರಾಬರ್ಟ್ ಬುನ್ಸೆನ್. ಲ್ಯಾಬಿನ ಬರ್ನರ್‌ಗೆ ಹೆಸರು ಕೊಟ್ಟ ಅದೇ ಜರ್ಮನ್ ರಸಾಯನ ವಿಜ್ಞಾನಿ. 1846ರಲ್ಲಿ ಐಸ್‌ಲ್ಯಾಂಡಿಗೆ ಹೋಗಿ ಬಂದು, ಅಲ್ಲಿನ ಕಲ್ಲುಗಳ ರಸಾಯನಶಾಸ್ತ್ರವನ್ನು 1851ರಲ್ಲಿ ಪ್ರಕಟಿಸಿದರು. ಎರಡು ಮೂಲ ಮ್ಯಾಗ್ಮಾಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತು ನಡುವಿನ ಕಲ್ಲುಗಳು ಆಗಿವೆ ಅನ್ನುವುದು ಅವರ ವಾದ. ಆಮೇಲೆ ಬೋವೆನ್ ಕಾಲ ಬಂತು. 1970ರ ದಶಕದಲ್ಲಿ ಬೆರಕೆಯ ವಿಚಾರಕ್ಕೆ ಮತ್ತೆ ಜೀವ ಬಂತು.

ಬೆರಕೆ ನಡೆಯುವುದು ಎಷ್ಟು ಆಳದಲ್ಲಿ?

ವಾದ ಇನ್ನೂ ನಡೆದಿದೆ. 1988ರಲ್ಲಿ ಭೂವಿಜ್ಞಾನಿಗಳಾದ ವೆಸ್ ಹಿಲ್ಡ್ರೆತ್ ಮತ್ತು ಸ್ಟೀಫನ್ ಮೂರ್‌ಬಾತ್ ಚಿಲಿಯ ಆಂಡಿಸ್ ಜ್ವಾಲಾಮುಖಿಗಳ ಸಾಲನ್ನು ಅಭ್ಯಾಸ ಮಾಡಿದರು. ಭೂಕವಚ ದಪ್ಪವಾದ ಕಡೆ ಮ್ಯಾಗ್ಮಾದಲ್ಲೂ ಭೂಕವಚದ ಗುರುತು ಹೆಚ್ಚು ಅಂತ ಕಂಡರು. ಅಂದರೆ ಭೂಕವಚದ ತೀರಾ ಬುಡದಲ್ಲೇ ಕರಗುವುದು, ನುಂಗುವುದು, ತಂಗುವುದು, ಬೆರೆಯುವುದು ನಡೆದು, ಒಂದು ಮಟ್ಟಕ್ಕೆ ಏಕರೂಪವಾದ ಮ್ಯಾಗ್ಮಾ ಮೇಲೆ ಬರುತ್ತದೆ. ಇದನ್ನು ಒಪ್ಪಿದರೆ ಬ್ಯಾಥೊಲಿತ್‌ನ ಮುಖ್ಯ ಸ್ವಭಾವ ಆಳದಲ್ಲೇ ನಿರ್ಧಾರವಾಗಿರುತ್ತದೆ. ಮೇಲೆ ಕಾಣುವ ಉಂಡೆಗಳು ಕೊನೆಯ ಹಂತದ ಸಣ್ಣ ಬೆರಕೆ ಮಾತ್ರ.

ಮೇಲೆಯೇ, ಹತ್ತು ಕಿಲೋಮೀಟರ್ ಒಳಗಿನ ಕೊಳಗಳಲ್ಲೂ ದೊಡ್ಡ ಬೆರಕೆ ನಡೆಯುತ್ತದೆ ಅನ್ನುವವರೂ ಇದ್ದಾರೆ. ಪೂರ್ಣ ಬೆರಕೆಗೆ ಬೇಕಾದ ಬಿಸಿ ಬಹಳ ಕಾಲ ಉಳಿಯುವುದು ಆಳದಲ್ಲಿ, ಹಾಗಾಗಿ ನನಗೆ ಮೊದಲ ವಾದವೇ ಹೆಚ್ಚು ಸರಿ ಅನಿಸುತ್ತದೆ.

ನೂರಾರು ಕಿಲೋಮೀಟರ್ ಉದ್ದದ ಬ್ಯಾಥೊಲಿತ್ ಅಂದರೆ ಅಷ್ಟು ದೊಡ್ಡ ಮ್ಯಾಗ್ಮಾ ಕೊಳ ಇತ್ತಾ?

ಇಲ್ಲ. ಅದು ಹಳೆಯ ಕಲ್ಪನೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತದಲ್ಲಿ, ಯೊಸೆಮಿಟಿ ಉದ್ಯಾನದ ಒಳಗೆ, ಟ್ವಾಲಮಿ ಗ್ರಾನೈಟ್ ಸಮೂಹವಿದೆ. ಪ್ರಸಿದ್ಧ ಹಾಫ್ ಡೋಮ್ ಬಂಡೆ ಇದೇ ಸಮೂಹದ ಗ್ರಾನೊಡಯೋರೈಟ್. ಜಿರ್ಕಾನ್ ಅಳತೆಯ ಪ್ರಕಾರ ಸುಮಾರು 9.5 ಕೋಟಿ ವರ್ಷಗಳ ಹಿಂದಿನಿಂದ 8.5 ಕೋಟಿ ವರ್ಷಗಳ ಹಿಂದಿನವರೆಗೆ ಇದು ಕಟ್ಟಿಕೊಂಡಿತು. ಒಂದು ಕೋಟಿ ವರ್ಷ! ಒಂದೇ ಕೊಳವಾಗಿದ್ದರೆ ಅಷ್ಟು ಕಾಲ ದ್ರವವಾಗಿ ಉಳಿಯುವುದು ಸಾಧ್ಯವೇ ಇಲ್ಲ. ಮ್ಯಾಗ್ಮಾ ಕಂತುಕಂತಾಗಿ ಬಂದು, ಒಂದು ಗಟ್ಟಿಯಾಗುವಾಗ ಇನ್ನೊಂದು ಸೇರಿ ಬೆಳೆದಿದೆ.

ಅಲ್ಲೇ ಎಲ್ ಕ್ಯಾಪಿಟನ್ ಬಂಡೆಯ ಮುಖದ ಮೇಲೆ ಉತ್ತರ ಅಮೆರಿಕದ ಭೂಪಟದ ಆಕಾರದ ಕಪ್ಪು ಮಚ್ಚೆಯಿದೆ. ಅದು ಡಯೋರೈಟ್. ಬಂಡೆ ಹತ್ತುವವರು ಆ ಕಡೆಯ ಗೋಡೆಯನ್ನು ನಾರ್ತ್ ಅಮೆರಿಕಾ ವಾಲ್ ಅಂತಲೇ ಕರೆಯುತ್ತಾರೆ.

ಹಿಮಾಲಯದ ಎಲ್ಲ ಗ್ರಾನೈಟೂ ಹೀಗೇ ಆಗಿದ್ದಾ?

ಅಲ್ಲ. ಲಡಾಖ್ ಬ್ಯಾಥೊಲಿತ್ ಸಿಂಧೂ ನದಿಯ ಉತ್ತರಕ್ಕಿದೆ. ಅದು ಏಷ್ಯಾದ ಅಂಚಿನದು, ಡಿಕ್ಕಿಗೆ ಮೊದಲು ಮತ್ತು ಡಿಕ್ಕಿಯ ಹೊತ್ತಿನಲ್ಲಿ ಆದದ್ದು. ಗಂಗೋತ್ರಿಯ ಗೋಮುಖದಿಂದ ಕಾಣುವ ಶಿವಲಿಂಗ ಶಿಖರ, ಭಾಗೀರಥಿ ಶಿಖರಗಳ ಬಿಳಿ ಗ್ರಾನೈಟ್ ಬೇರೆಯೇ ಜಾತಿ. ವಯಸ್ಸು ಎರಡು ಕೋಟಿ ವರ್ಷಕ್ಕಿಂತ ತುಸು ಹೆಚ್ಚು. ಆ ಹೊತ್ತಿಗೆ ಟೆಥಿಸ್ ಸಾಗರ ಮುಚ್ಚಿಹೋಗಿತ್ತು, ಕೆಳಗಿನಿಂದ ಬಸಾಲ್ಟ್ ಬರುವುದು ನಿಂತಿತ್ತು. ಡಿಕ್ಕಿಯಿಂದ ದಪ್ಪವಾದ ಭೂಕವಚದಲ್ಲಿ ಹಳೆಯ ಜೇಡಿ, ಮರಳಿನಿಂದ ಆದ ಕಲ್ಲುಗಳು ತಾವೇ ಬಿಸಿಯಾಗಿ ಕರಗಿದವು. ಅದರಲ್ಲಿ ಅಭ್ರಕ, ಟೂರ್ಮಲಿನ್ ಸಿಗುತ್ತವೆ, ಲಡಾಖ್‌ನಂಥ ಕಪ್ಪು ಉಂಡೆಗಳ ಸಂತೆ ಇಲ್ಲ.

ಸ್ಟ್ರಾನ್ಷಿಯಂ ಅನುಪಾತ ಇದನ್ನು ಚೆನ್ನಾಗಿ ತೋರಿಸುತ್ತದೆ. ಲಡಾಖ್‌ನ ಬಹಳಷ್ಟು ಮಾದರಿಗಳಲ್ಲಿ ಅದು 0.704–0.705ರ ಆಸುಪಾಸು, ಅಂದರೆ ಮ್ಯಾಂಟಲ್‌ನ ಪಾಲು ದೊಡ್ಡದು. ಹಿಮಾಲಯದ ಬಿಳಿ ಗ್ರಾನೈಟುಗಳಲ್ಲಿ 0.73ಕ್ಕಿಂತ ಜಾಸ್ತಿ. ಎಲ್ಲ ಹಳೆಯ ಭೂಕವಚದ್ದೇ.

ಜ್ವಾಲಾಮುಖಿ ಸಿಡಿಯುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಫಿಲಿಪೀನ್ಸ್‌ನ ಪಿನಟೂಬೊ 1991ರ ಜೂನ್ 15ರಂದು ದೊಡ್ಡದಾಗಿ ಸಿಡಿಯಿತು. ಅದಕ್ಕೆ ಕೆಲವು ದಿನ ಮೊದಲು ಹೊರಬಂದ ಲಾವಾ ಬೆರಕೆಯದಾಗಿತ್ತು, ಅದರೊಳಗೆ ಬಸಾಲ್ಟ್ ಉಂಡೆಗಳೂ ಇದ್ದವು. ಆಳದಿಂದ ಬಂದ ಹೊಸ ಬಸಾಲ್ಟ್ ಮೇಲಿನ ಕೊಳವನ್ನು ಕೆಣಕಿತ್ತು. ಬಿಸಿ ಬಸಾಲ್ಟ್ ಸೇರಿದಾಗ ಅನಿಲಗಳು ಗುಳ್ಳೆಯಾಗಿ ಹೊರಬರುತ್ತವೆ, ಒತ್ತಡ ಏರುತ್ತದೆ. ಹೀಗೆ ಸಿಡಿಯದೆ ಒಳಗೇ ಉಳಿದದ್ದು ಮುಂದೆ ಗ್ರಾನೈಟ್ ಬೆಟ್ಟವಾಗುತ್ತದೆ.

ಕರ್ನಾಟಕದಲ್ಲಿ ಇಂಥದ್ದು ಎಲ್ಲಾದರೂ ಇದೆಯಾ?

ರಾಮನಗರದ ಬೆಟ್ಟಗಳೇ ಇದೆ. ರಾಮದೇವರ ಬೆಟ್ಟ, ಸಾವನದುರ್ಗ ಇರುವುದು ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಯಲ್ಲಿ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಇದ್ದ ಹೆಸರೇ ಕಲ್ಲಿಗೆ ಉಳಿದಿದೆ. ಈ ಪಟ್ಟಿ ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದ, ಅಗಲ ಮಾತ್ರ ಇಪ್ಪತ್ತು ಮೂವತ್ತು ಕಿ.ಮೀ. ವಯಸ್ಸು ಸುಮಾರು 250 ಕೋಟಿ ವರ್ಷ. ಲಡಾಖ್ ಇದರ ಮುಂದೆ ನಿನ್ನೆ ಮೊನ್ನೆಯ ಮಗು.

ಇಲ್ಲೂ ಅದೇ ಕಥೆ. ಭೂವಿಜ್ಞಾನಿ ಎಂ. ಜಯಾನಂದ ಮತ್ತು ಅವರ ಜೊತೆ ಕೆಲಸ ಮಾಡಿದ ಫ್ರೆಂಚ್ ಸಂಶೋಧಕರು 1990ರ ದಶಕದಿಂದ ಇದನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ. ಮ್ಯಾಂಟಲ್‌ನಿಂದ ಬಂದ ಮ್ಯಾಗ್ಮಾ ಮೊದಲೇ ಇದ್ದ ನೈಸ್ ಅನ್ನುವ ಪಟ್ಟೆಪಟ್ಟೆ ಕಲ್ಲನ್ನು ಕರಗಿಸಿತು, ಎರಡೂ ಬೆರೆತವು ಅನ್ನುವುದು ಅವರ ವಿವರಣೆ. ಹೆಬ್ಬೆರಳಿನಷ್ಟು ದೊಡ್ಡ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು, ಅವುಗಳ ನಡುವೆ ಕಪ್ಪು ಉಂಡೆಗಳು, ಇವು ಈ ಕಲ್ಲಿನ ಗುರುತು.

ಇದರಲ್ಲಿ ಲಡಾಖ್‌ಗೂ ಸಿಗದ ಒಂದು ಅನುಕೂಲ ಇದೆ. ಇಡೀ ಪಟ್ಟಿ ತುಸು ವಾಲಿಕೊಂಡು ಸವೆದಿದೆ. ಹಾಗಾಗಿ ದಕ್ಷಿಣಕ್ಕೆ, ಕನಕಪುರ, ಕಬ್ಬಾಳದುರ್ಗದ ಕಡೆ ಹೋದಷ್ಟೂ ಹೆಚ್ಚು ಆಳದ ಬೇರು ಕಾಣುತ್ತದೆ. ಉತ್ತರಕ್ಕೆ ಹೋದಷ್ಟೂ ಮೇಲ್ಭಾಗ ಕಾಣುತ್ತದೆ. ಬೇರಿನಿಂದ ತಲೆಯವರೆಗೆ ಒಂದು ಗ್ರಾನೈಟನ್ನು ಹೀಗೆ ನೋಡುವ ಅವಕಾಶ ಪ್ರಪಂಚದಲ್ಲೇ ಅಪರೂಪ. ಆಗ ಇಲ್ಲಿ ಇವತ್ತಿನ ಆಂಡಿಸ್‌ನಂಥ ಫಲಕದ ಅಂಚು ಇತ್ತೋ, ಬೇರೆ ಯಾವ ರೀತಿಯಲ್ಲಿ ಬಿಸಿ ಮೇಲೆ ಬಂತೋ ಅನ್ನುವುದರ ಬಗ್ಗೆ ಒಮ್ಮತ ಇಲ್ಲ.

ಲಾಲ್‌ಬಾಗ್ ಬಂಡೆಯ ಪಟ್ಟೆಗಳೂ ಮ್ಯಾಗ್ಮಾ ಬೆರಕೆಯಿಂದ ಬಂದದ್ದಾ?

ಅಲ್ಲ. ಅದು ನೈಸ್. ಸುಮಾರು 300 ಕೋಟಿ ವರ್ಷದ ಕಲ್ಲು, ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾಗಿದೆ. ಉಂಡೆ ಬೇರೆ, ಪಟ್ಟೆ ಬೇರೆ.

ಅಡುಗೆಮನೆ ಕಟ್ಟೆಯ ಗ್ರಾನೈಟಿನಲ್ಲಿ ಕಪ್ಪು ಮಚ್ಚೆ ಇದ್ದರೆ ಕಲ್ಲು ಕಳಪೆಯಾ?

ಗಟ್ಟಿತನಕ್ಕೆ ಏನೂ ಕೊರತೆ ಇಲ್ಲ. ಬೂದು ಅಥವಾ ಗುಲಾಬಿ ಕಲ್ಲಿನಲ್ಲಿ ಗುಂಡಗಿನ, ನುಣುಪು ಹರಳಿನ ಮಚ್ಚೆ ಇದ್ದರೆ ಅದು ಬಹುಶಃ ಎನ್‌ಕ್ಲೇವ್. ಒಂದೇ ಬಣ್ಣ ಬೇಕು ಅನ್ನುವವರು ಬೇಡ ಅನ್ನುತ್ತಾರೆ, ಅಷ್ಟೇ. ಇನ್ನು ಅಂಗಡಿಯವರು ಕಪ್ಪು ಗ್ರಾನೈಟ್ ಅಂತ ಮಾರುವುದು ಗ್ರಾನೈಟೇ ಅಲ್ಲ. ಚಾಮರಾಜನಗರದ ಹೆಸರುವಾಸಿ ಕರಿಕಲ್ಲು ಡಾಲರೈಟ್ ಅನ್ನುವ ಬಸಾಲ್ಟ್ ಜಾತಿಯ ಕಲ್ಲು, ಎಲ್ಲ ಗಟ್ಟಿಯಾದ ಮೇಲೆ ನುಗ್ಗಿದ ನೇರ ಅಂಚಿನ ಡೈಕ್‌ಗಳಿಂದ ತೆಗೆದದ್ದು. ಆ ಕಲ್ಲಿನಲ್ಲಿ ಗಡಿ ದಾಟಿದ ಫೆಲ್ಡ್‌ಸ್ಪಾರ್ ಹರಳು ಹುಡುಕಿದರೆ ಸಿಗುವುದಿಲ್ಲ.